ಎಟ್ರಸ್ಕನರ ಕಂಚಿನ ಧೂಪದಾನಿಗಳು

ಇಟಲಿ ದೇಶದಲ್ಲಿ ಆರ್ನೊ ನದಿಗೂ ಟೈಬರ್ ನದಿಗೂ ನಡುವೆ ಹಬ್ಬಿರುವ ನಾಡಿಗೆ ಪ್ರಾಚೀನ ಕಾಲದಲ್ಲಿ ಎಟ್ರೂರಿಯವೆಂದು ಹೆಸರಿದ್ದಿತು. ರೋಮ್ ಪಟ್ಟಣವು ಇನ್ನೂ ಗುಡ್ಡಗಳ ಮೇಲಿನ ಗುಡಿಸಲುಗಳ ಹಳ್ಳಿಯಾಗಿದ್ದ ಕಾಲದಲ್ಲಿಯೇ ಈ ನಾಡಿನಲ್ಲಿ ತಾರ್ಕ್ವಿನಿಯ, ಚೆರ್ವೆತೆರಿ, ವುಲ್ಚಿ, ವೆತುಲೋನಿಯ ಮೊದಲಾದ ಪಟ್ಟಣಗಳು ತಲೆಯೆತ್ತುತ್ತಿದ್ದುವು. ಅಲ್ಲಿಯ ಜನರು ತಮ್ಮನ್ನು ರಸೆನ್ನರೆಂದು ಕರೆದುಕೊಳ್ಳುತ್ತಿದ್ದರು. ಗ್ರೀಕರು ಅವರನ್ನು ತಿರ್ರೇನಿಯರೆಂದರು. ರೋಮನರು ಎಟ್ರಸ್ಕಿ ಎಂದೂ ತುಸ್ಕಿ ಎಂದೂ ಕರೆದರು. ಇಟಲಿಯ ಪಶ್ಚಿಮದ ಕಡಲಿಗೆ ತಿರ್ರೇನಿಯನ್ ಸಮುದ್ರವೆಂಬ ಹೆಸರೂ, ಫ್ಲಾರೆನ್ಸ್ ನಗರವಿರುವ ಪ್ರಾಂತಕ್ಕೆ ಟಸ್ಕನಿ ಎಂಬ ಹೆಸರೂ ಇವರಿಂದಲೇ ಉಳಿದು ಬಂದಿವೆ. ಹೆಸರುಗಳು ಉಳಿದುವು, ಆ ಜನರ ಮಾತು ಮಾತ್ರ ಉಳಿಯಲಿಲ್ಲ.

ಎಟ್ರಸ್ಕನರಿಗೆ ಲಿಪಿಯಿರಲಿಲ್ಲವೆಂದಲ್ಲ. ಗ್ರೀಕರಿಂದ ಪಡೆದ ಅಕ್ಷರಗಳಲ್ಲಿ ಅವರು ಬರೆದ ೧೦,೦೦೦ಕ್ಕೂ ಹೆಚ್ಚಿನ ಶಾಸನಗಳು ಈವರೆಗೆ ದೊರೆತಿವೆ. ಆದರೆ ಅವುಗಳಲ್ಲಿ ಬಹುಪಾಲು ಸತ್ತವರ ಹೆಸರು, ತಂದೆತಾಯಿಗಳ ಹೆಸರು, ವಯಸ್ಸು, ದೇವರಿಗೆ ಒಪ್ಪಿಸಿದ ವಸ್ತು ಇಷ್ಟನ್ನೇ ಹೇಳುತ್ತವೆ. ಅವರ ಪುಸ್ತಕಗಳ ಪೈಕಿ ಒಂದೇ ಒಂದು, ನಾರುಬಟ್ಟೆಯ ಮೇಲೆ ಬರೆದುದು, ಈಜಿಪ್ಟಿನಲ್ಲಿ ಶವವೊಂದಕ್ಕೆ ಸುತ್ತುವ ಪಟ್ಟಿಗಳಾಗಿ ಹರಿಯಲ್ಪಟ್ಟು ಅದೃಷ್ಟವಶದಿಂದ ಉಳಿದುಕೊಂಡು ಈಗ ಜಾಗ್ರೆಬ್ ನಗರದಲ್ಲಿದೆ. ರೋಮಿನ ಚಕ್ರವರ್ತಿ ಕ್ಲಾಡಿಯಸ್ ಗ್ರೀಕ್ ಭಾಷೆಯಲ್ಲಿ ಇಪ್ಪತ್ತು ಸಂಪುಟಗಳ ಎಟ್ರಸ್ಕನರ ಚರಿತ್ರೆಯನ್ನು ಬರೆದಿದ್ದನು, ಅದೂ ನಷ್ಟವಾಯಿತು. ಆದಕಾರಣ ಈ ಜನರನ್ನು ಕುರಿತು ಇತರರು ಆಡಿದ ಮಾತುಗಳು ದೊರೆಯುತ್ತವೆಯೇ ಹೊರತು ಅವರು ತಮ್ಮನ್ನು ಕುರಿತು ತಾವೇ ಹೇಳಿಕೊಂಡ ಕಥೆ ದೊರೆಯುವುದಿಲ್ಲ. ಅದನ್ನು ಅವರ ಗೋರಿಗಳಿಂದಲೂ, ಗೋರಿಗಳೊಳಗೆ ಇಟ್ಟ ಪದಾರ್ಥಗಳಿಂದಲೂ ಓದಿಕೊಳ್ಳಬೇಕಾಗಿದೆ. ಅಂತಹ ಪದಾರ್ಥಗಳಲ್ಲಿ ಕಂಚಿನ ಧೂಪದಾನಿಯೂ ಒಂದು.

ಈ ವಸ್ತುವಿಗೆ ಗ್ರೀಕರು ಥಿಮಿಯಾತೇರಿಯೋನ್ ಎಂದು ಹೆಸರಿಟ್ಟಿದ್ದರು. ಲ್ಯಾಟಿನಿನಲ್ಲಿ ತುರಿಬುಲಂ ಎನ್ನುತ್ತಿದ್ದರು. ಎಟ್ರೂರಿಯದಲ್ಲಿ ಕ್ರಿಸ್ತಪೂರ್ವ ನಾಲ್ಕನೆಯ ಮತ್ತು ಮೂರನೆಯ ಶತಮಾನಗಳಲ್ಲಿ ಬಳಕೆಯಲ್ಲಿದ್ದ ಧೂಪದಾನಿಗೆ ಸಾಮಾನ್ಯವಾಗಿ ನಾಲ್ಕು ಅಂಗಗಳುಂಟು. ಕೆಳಗೆ ಮೂರು ಕಾಲುಗಳ ಪೀಠ. ಅದರ ಮೇಲೆ ನಿಂತ ಒಂದು ಮನುಷ್ಯಾಕೃತಿ. ಆ ಆಕೃತಿಯ ತಲೆಯಿಂದ ಮೇಲಕ್ಕೆ ಏಳುವ ತೆಳ್ಳನೆಯ ದಂಡ. ದಂಡದ ತುದಿಯಲ್ಲಿ ಕೆಂಡವನ್ನಿಟ್ಟು ಧೂಪವನ್ನು ಹಾಕುವ ಬಟ್ಟಲು. ಇವುಗಳ ಎತ್ತರ ಹೆಚ್ಚಾಗಿ ಒಂದು ಮೊಳದ ಆಸುಪಾಸಿನಲ್ಲಿರುತ್ತದೆ. ಇದೇ ರೂಪದ, ಇದಕ್ಕಿಂತ ಬಹಳ ಎತ್ತರವಾದ ದೀಪಸ್ತಂಭಗಳೂ ಎಟ್ರಸ್ಕನರಲ್ಲಿದ್ದುವು. ಅವುಗಳ ತುದಿಯಲ್ಲಿ ಬಟ್ಟಲಿಗೆ ಬದಲಾಗಿ ಮೇಣದ ಬತ್ತಿಗಳನ್ನು ಸಿಕ್ಕಿಸುವ ಕೊಕ್ಕೆಗಳಿರುತ್ತವೆ. ಒಂದು ಬೆಳಕಿಗಾಗಿ, ಮತ್ತೊಂದು ಪರಿಮಳಕ್ಕಾಗಿ. ಎರಡನ್ನೂ ಮಾಡಿದ ಕೈ ಒಂದೇ.

ಆ ಕೈಗೆ ಕಂಚಿನ ಕೊರತೆಯಿರಲಿಲ್ಲ. ಎಟ್ರೂರಿಯದ ಬೆಟ್ಟಗಳಲ್ಲಿ ತಾಮ್ರ, ಸೀಸ, ಬೆಳ್ಳಿಗಳೂ ಅಲ್ಪಸ್ವಲ್ಪ ತವರವೂ ದೊರೆಯುತ್ತಿದ್ದುವು. ಎದುರಿನ ಎಲ್ಬಾ ದ್ವೀಪದಲ್ಲಿ ಕಬ್ಬಿಣದ ಅದಿರು ಹೇರಳವಾಗಿದ್ದಿತು. ಆ ಅದಿರನ್ನು ಕಡಲತೀರದ ಪೊಪುಲೋನಿಯಕ್ಕೆ ತಂದು ಕರಗಿಸುತ್ತಿದ್ದರು. ಶತಮಾನಗಳ ಕಾಲ ಅಲ್ಲಿ ಸುರಿದ ಕಿಟ್ಟವು ಹಳೆಯ ಗೋರಿಗಳನ್ನೇ ಮುಚ್ಚಿಬಿಟ್ಟಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಆ ಕಿಟ್ಟದಿಂದ ಮತ್ತೆ ಕಬ್ಬಿಣವನ್ನು ತೆಗೆಯಲು ತೊಡಗಿದಾಗ ಕೆಳಗಿದ್ದ ಗೋರಿಗಳು ಹೊರಬಿದ್ದುವು. ಈ ಲೋಹಸಂಪತ್ತೇ ಫಿನೀಷಿಯರನ್ನೂ ಗ್ರೀಕರನ್ನೂ ಎಟ್ರೂರಿಯದ ರೇವುಗಳಿಗೆ ಎಳೆದು ತಂದಿತು. ಗ್ರೀಕರು ಎಟ್ರಸ್ಕನರನ್ನು ಕಡಲ್ಗಳ್ಳರೆಂದೂ ಭೋಗಲಾಲಸರೆಂದೂ ಹಳಿದುದುಂಟು. ಆದರೂ ಕ್ರಿ. ಪೂ. ಐದನೆಯ ಶತಮಾನದಲ್ಲಿ ಅಥೆನ್ಸಿನ ಕ್ರಿತಿಯಸನು, ಯಾವ ಯಾವ ನಾಡು ಯಾವ ಯಾವ ವಸ್ತುವಿಗೆ ಹೆಸರಾದುದೆಂದು ಎಣಿಸುವಾಗ, ಮನೆಯನ್ನು ಅಲಂಕರಿಸುವ ಕಂಚಿನ ಸಾಮಾನುಗಳಿಗೆ ಎಟ್ರೂರಿಯವೇ ಮೇಲೆಂದು ಒಪ್ಪಿಕೊಂಡಿದ್ದಾನೆ. ಶಿಲ್ಪದಲ್ಲಿ ಜಗತ್ತಿಗೇ ಗುರುಗಳೆಂದು ಹೆಮ್ಮೆಪಡುತ್ತಿದ್ದ ಊರಿನವನೊಬ್ಬನ ಬಾಯಿಂದ ಬಂದ ಈ ಮಾತು ಸಾಮಾನ್ಯವಾದುದಲ್ಲ.

ಎರಕದ ಕೆಲಸವು ಭಾರತೀಯ ಶಿಲ್ಪಶಾಸ್ತ್ರಗಳಲ್ಲಿ ಮಧೂಚ್ಛಿಷ್ಟವಿಧಾನವೆನಿಸಿಕೊಂಡ ಕ್ರಮದಲ್ಲಿಯೇ ನಡೆಯುತ್ತಿದ್ದಿತು. ಕುಶಲಿಯು ಮೊದಲು ಜೇನುಮೇಣದಲ್ಲಿ ಆಕೃತಿಯನ್ನು ತಿದ್ದಿ, ಅದರ ಮೇಲೆ ನಯವಾದ ಮಣ್ಣನ್ನು ಮೆತ್ತಿ ಕಾಯಿಸುವನು. ಮೇಣವು ಕರಗಿ ಹರಿದುಹೋಗಿ ಒಳಗೆ ಉಳಿದ ಟೊಳ್ಳಿಗೆ ಕರಗಿದ ಕಂಚನ್ನು ಹೊಯ್ಯುವನು. ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆದು, ಉಳಿಯಿಂದ ಕೂದಲಿನ ಎಳೆ, ಬಟ್ಟೆಯ ನೆರಿಗೆ, ಹಕ್ಕಿಯ ಗರಿಗಳನ್ನು ಬಿಡಿಸುವನು. ಅಚ್ಚನ್ನು ಒಡೆಯಲೇಬೇಕಾದುದರಿಂದ ಒಂದು ಮೇಣದ ರೂಪದಿಂದ ಒಂದೇ ಪ್ರತಿಮೆ. ಪೀಠ, ಆಕೃತಿ, ದಂಡ, ಬಟ್ಟಲುಗಳನ್ನು ಬೇರೆ ಬೇರೆಯಾಗಿ ಮಾಡಿ ಮೊಳೆ, ಬೆಸುಗೆ, ಗೂಟಗಳಿಂದ ಕೂಡಿಸುತ್ತಿದ್ದರು. ಈ ಕೂಡಿಕೆಯ ಸಂಗತಿಯನ್ನು ನೆನಪಿನಲ್ಲಿಡುವುದು ಅವಶ್ಯಕ; ಮುಂದೆ ಅದರಿಂದಲೇ ಒಂದು ತೊಡಕು ಹುಟ್ಟಿತು.

ಧೂಪವನ್ನು ಹಾಕುವ ಪದ್ಧತಿಯು ಎಟ್ರಸ್ಕನರ ಸ್ವಂತದ್ದಲ್ಲ. ಧೂಪಗಳಲ್ಲೆಲ್ಲ ಶ್ರೇಷ್ಠವೆನಿಸಿದ ಮರದ ಅಂಟು ದಕ್ಷಿಣ ಅರೇಬಿಯದಲ್ಲಿಯೂ ಎದುರು ದಡದ ಆಫ್ರಿಕದ ಸೊಮಾಲಿ ತೀರದಲ್ಲಿಯೂ ದೊರೆಯತಕ್ಕದ್ದು. ಭಾರತದ ಒಣಕಾಡುಗಳಲ್ಲಿ ಬೆಳೆಯುವ ಸಲ್ಲಕೀವೃಕ್ಷವು ಆ ಮರಗಳ ಕುಲಕ್ಕೇ ಸೇರಿದುದು. ಆ ಅಂಟನ್ನು ಒಂಟೆಗಳ ಸಾಲುಗಳು ಮರುಭೂಮಿಯನ್ನು ದಾಟಿಸಿ ಮೆಡಿಟರೇನಿಯನ್ ಸಮುದ್ರದ ಪೂರ್ವತೀರಕ್ಕೆ ತರುತ್ತಿದ್ದುವು. ಅಲ್ಲಿಂದ ಫಿನೀಷಿಯರ ಹಡಗುಗಳು ಪಡುವಣಕ್ಕೆ ಸಾಗಿಸುತ್ತಿದ್ದುವು. ಸರಕಿನೊಡನೆ ಅದನ್ನು ಬಳಸುವ ರೀತಿಯೂ, ಬಳಸುವ ಪಾತ್ರೆಯ ರೂಪವೂ ಬಂದುವು. ಎಸಳುಗಳು ಕೆಳಕ್ಕೆ ಬಾಗಿದ ಹೂವಿನಂತೆ ದಂಡವನ್ನು ಅಲಂಕರಿಸಿದ ಧೂಪದಾನಿಗಳು ಫಿನೀಷಿಯ, ಸೈಪ್ರಸ್‌ಗಳಿಂದ ಸ್ಪೇನಿನವರೆಗೂ ಹರಡಿದ್ದುವು. ಎಟ್ರೂರಿಯದ ಶ್ರೀಮಂತರು ಈ ಪೂರ್ವದೇಶದ ವೈಭವಕ್ಕೆ ಮನಸೋತ ಕ್ರಿ. ಪೂ. ಏಳನೆಯ ಶತಮಾನವನ್ನು ವಿದ್ವಾಂಸರು ಪೌರಸ್ತ್ಯಪ್ರಭಾವದ ಕಾಲವೆಂದೇ ಕರೆಯುತ್ತಾರೆ.

ಆ ಕಾಲದ ಒಂದು ಗೋರಿಯನ್ನು ೧೮೩೬ರಲ್ಲಿ ಚೆರ್ವೆತೆರಿಯ ಪಾದ್ರಿ ರೆಗೊಲೀನಿ, ಸೇನಾಪತಿ ಗಲಾಸ್ಸಿ ಎಂಬಿಬ್ಬರು ಕಂಡುಹಿಡಿದರು. ಅವರ ಹೆಸರಿನಿಂದಲೇ ಪ್ರಸಿದ್ಧವಾದ ಈ ಗೋರಿಯಲ್ಲಿ ಉನ್ನತ ಮನೆತನದ ಸ್ತ್ರೀಯೊಬ್ಬಳನ್ನು ಚಿನ್ನದ ಒಡವೆಗಳೊಡನೆ ಮಲಗಿಸಿದ್ದಿತು. ಕಂಚಿನ ಮಂಚ, ರಥ, ಬೆಳ್ಳಿಯ ಬಟ್ಟಲುಗಳ ಜತೆಯಲ್ಲಿ ಗಾಲಿಗಳ ಮೇಲೆ ನಿಲ್ಲಿಸಿದ ಕಂಚಿನ ಧೂಪದಾನಿಯೊಂದು ಅಲ್ಲಿ ದೊರೆಯಿತು. ಇವೆಲ್ಲವೂ ಮರುವರ್ಷ, ೧೮೩೭ರಲ್ಲಿ, ಹದಿನಾರನೆಯ ಗ್ರೆಗೊರಿ ಪೋಪರು ವ್ಯಾಟಿಕನ್ನಿನಲ್ಲಿ ಸ್ಥಾಪಿಸಿದ ಎಟ್ರಸ್ಕನ್ ವಸ್ತುಸಂಗ್ರಹಾಲಯಕ್ಕೆ ಕೀರ್ತಿಯನ್ನು ತಂದುವು. ಉತ್ತರದ ವೆತುಲೋನಿಯದಲ್ಲಿ ಉದ್ದವಾದ ಹಿಡಿ, ಹೊಗೆ ಹೊರಡಲು ತೂತುಗಳನ್ನು ಕೊರೆದ ಮುಚ್ಚಳಗಳುಳ್ಳ ಬೇರೆಯೊಂದು ಬಗೆಯ ಧೂಪದಾನಿಗಳು ಬಳಕೆಯಲ್ಲಿದ್ದುವು. ಅಂತೂ ಧೂಪವು ಎಟ್ರೂರಿಯಕ್ಕೆ ಬಂದ ಆರಂಭದಲ್ಲಿ ಅದು ಅರಸುಮನೆತನಗಳ ಸಿರಿಯನ್ನು ಸಾರುವ, ದೂರದೇಶದ ವಾಸನೆಯುಳ್ಳ ಅಪೂರ್ವ ವಸ್ತುವಾಗಿದ್ದಿತು. ಪಾತ್ರೆಯ ಮೇಲೆ ಹೂವು ಎಸಳುಗಳಿದ್ದುವು, ಮನುಷ್ಯರಿರಲಿಲ್ಲ.

ಮನುಷ್ಯರು ಅದರೊಳಗೆ ಹೇಗೆ ಬಂದರು? ಇಲ್ಲಿ ಗೋರಿಗಳ ಗೋಡೆಚಿತ್ರಗಳು ನೆರವಿಗೆ ಬರುತ್ತವೆ. ೧೮೪೬ರಲ್ಲಿ ಅಲೆಸ್ಸಾಂದ್ರೊ ಫ್ರಾನ್ಸ್ವಾ ಎಂಬ ಶೋಧಕನು ಕ್ಯೂಸಿಯಲ್ಲಿ ಒಂದು ಗೋರಿಯನ್ನು ತೆರೆದನು. ಅದರ ಗೋಡೆಯ ಮೇಲೆ ಕಟ್ಟಿಹಾಕಿದ ಕೋತಿಯೊಂದರ ಚಿತ್ರವಿರುವುದರಿಂದ ಅದಕ್ಕೆ ಕೋತಿಯ ಗೋರಿ ಎಂದು ಹೆಸರು. ಕ್ರಿ. ಪೂ. ಐದನೆಯ ಶತಮಾನದ ಮೊದಲ ಭಾಗದ ಆ ಚಿತ್ರಗಳಲ್ಲಿ ಶವಸಂಸ್ಕಾರದ ಉತ್ಸವವು ನಡೆದಿದೆ. ಜಟ್ಟಿಗಳು ಸೆಣಸುತ್ತಿದ್ದಾರೆ, ರಥಗಳು ಓಡುತ್ತಿವೆ. ಮುಸುಕುಹಾಕಿದ ಸ್ತ್ರೀಯೊಬ್ಬಳು ಛತ್ರಿಯ ನೆರಳಿನಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದಾಳೆ. ಸತ್ತವಳು ಅವಳೇ ಇರಬೇಕೆಂದು ಊಹೆ. ಅವಳ ಮುಂದೆ ಜೋಡಿ ಕೊಳಲಿನವನ ನಾದಕ್ಕೆ ಸರಿಯಾಗಿ ಒಬ್ಬ ದೊಂಬರ ಹೆಣ್ಣು ತಲೆಯ ಮೇಲೆ ಎತ್ತರವಾದ ಒಂದು ದಂಡವನ್ನು ನಿಲ್ಲಿಸಿಕೊಂಡು ತೂಗಾಡದಂತೆ ಸಂಭಾಳಿಸುತ್ತಿದ್ದಾಳೆ.

ಈ ದೃಶ್ಯವು ಕ್ಯೂಸಿಯ ಚಿತ್ರಕಾರನೊಬ್ಬನ ಕಲ್ಪನೆಯಾಗಿರಬಹುದೆಂದು ಹೇಳುವಂತಿಲ್ಲ. ೧೯೬೧ರಲ್ಲಿ ತಾರ್ಕ್ವಿನಿಯದಲ್ಲಿ ಬೆಳಕಿಗೆ ಬಂದ ದೊಂಬರ ಗೋರಿಯು ಕ್ಯೂಸಿಯ ಗೋರಿಗಿಂತ ಸುಮಾರು ಮೂವತ್ತು ವರ್ಷಗಳಷ್ಟು ಹಳೆಯದು. ಅದರ ಹಿಂಗೋಡೆಯ ನಡುವೆ ಇಂಥದೇ ಒಬ್ಬ ಹುಡುಗಿ ತಲೆಯ ಮೇಲೆ ದಂಡವನ್ನು ಹೊತ್ತು ನಿಂತಿದ್ದಾಳೆ. ಪಕ್ಕದಲ್ಲಿರುವ ಯುವಕನು ಕೈಯಲ್ಲಿ ಬಿಲ್ಲೆಗಳನ್ನು ಹಿಡಿದು ಅವುಗಳನ್ನು ಆ ದಂಡದ ಕಡೆಗೆ ಎಸೆಯಲು ಗುರಿಹಿಡಿದಿದ್ದಾನೆ. ಇಲ್ಲಿಯೂ ಕುಳಿತು ನೋಡುವ ಹಿರಿಯನೊಬ್ಬನಿದ್ದಾನೆ. ತಲೆಯ ಮೇಲಿನ ವಸ್ತುವು ಧೂಪದಾನಿಯೆಂದು ಕೆಲವರೂ ದೀಪಸ್ತಂಭವೆಂದು ಕೆಲವರೂ ಹೇಳುತ್ತಾರೆ. ಎರಡರ ಕಟ್ಟಡವೂ ಒಂದೇ ಆದುದರಿಂದ ಈ ಭಿನ್ನಾಭಿಪ್ರಾಯವು ಪ್ರಕೃತ ವಿಷಯಕ್ಕೆ ಬಾಧಕವಾಗುವುದಿಲ್ಲ. ತಲೆಯ ಮೇಲೆ ದಂಡವನ್ನು ನಿಲ್ಲಿಸುವ ಈ ಆಟವು ಸತ್ತವರ ಗೌರವಾರ್ಥವಾಗಿ ನಡೆಯುತ್ತಿದ್ದ ಉತ್ಸವಗಳಲ್ಲಿ ಎಟ್ರೂರಿಯದ ಜನರು ಕಣ್ಣಾರೆ ಕಂಡ ಆಟವೆಂಬುದು ಸ್ಪಷ್ಟ.

ಈಗ ಕಂಚಿನ ಧೂಪದಾನಿಯನ್ನು ಮತ್ತೊಮ್ಮೆ ನೋಡಬೇಕು. ಮುಕ್ಕಾಲಿಯ ಮೇಲೆ ನಿಂತ ಆಕೃತಿ, ಅದರ ತಲೆಯ ಮೇಲಿಂದ ನೆಟ್ಟಗೆ ಎದ್ದ ದಂಡ, ತುದಿಯಲ್ಲಿ ಬಟ್ಟಲು. ಮನುಷ್ಯಾಕೃತಿಯನ್ನು ಆಧಾರವಾಗಿ ನಿಲ್ಲಿಸುವ ಉಪಾಯವನ್ನು ಎಟ್ರಸ್ಕನರು ಗ್ರೀಕರಿಂದ ಕಲಿತಿರಬಹುದು. ಗ್ರೀಕರು ಕನ್ನಡಿಯ ಹಿಡಿಗೆ ಸ್ತ್ರೀಯರ ಆಕೃತಿಯನ್ನು ಹೀಗೆಯೇ ನಿಲ್ಲಿಸುತ್ತಿದ್ದರು. ಆದರೆ ಗ್ರೀಕ್ ಕನ್ನಡಿಯನ್ನು ಹೊತ್ತವಳು ಸಾಮಾನ್ಯವಾಗಿ ನಿಶ್ಚಲೆ. ಗಂಭೀರವಾಗಿ ಎರಡೂ ಕಾಲೂರಿ ನಿಂತವಳು. ಎಟ್ರೂರಿಯದ ಧೂಪದಾನಿಗಳಲ್ಲಿ ಒಂದೆಡೆ ನರ್ತಕಿ, ಒಂದೆಡೆ ಬತ್ತಲೆ ಯುವಕ, ಇನ್ನೊಂದೆಡೆ ಕುದುರೆಯ ಕಿವಿಬಾಲಗಳುಳ್ಳ ಸ್ಯಾಟಿರನೆಂಬ ವನಚರ ನಿಂತಿದ್ದಾರೆ. ಸೊಂಟವೊಂದು ಬದಿಗೆ ಬಾಗಿದೆ, ಕೈಯೊಂದು ಮೇಲಕ್ಕೆದ್ದಿದೆ, ಕಾಲೊಂದು ನೆಲವನ್ನು ಬಿಡುವಂತಿದೆ. ತಲೆಯ ಮೇಲಿನ ಭಾರವನ್ನು ಅವರು ಕಂಬದಂತೆ ಹೊತ್ತಿಲ್ಲ, ಆಟಗಾರರಂತೆ ಆಡಿಸುತ್ತಿದ್ದಾರೆ. ಕ್ಯೂಸಿ, ತಾರ್ಕ್ವಿನಿಯಗಳ ಗೋಡೆಯ ಮೇಲಿನ ಹುಡುಗಿಯನ್ನು ಕಂಡವರಿಗೆ ಈ ಕಂಚಿನ ಆಕೃತಿಗಳು ಅವಳ ಬಂಧುಗಳಾಗಿ ತೋರುವುದು ಸಹಜ. ಅರೇಬಿಯದ ಅಂಟು, ಫಿನೀಷಿಯದ ಪಾತ್ರೆ, ಗ್ರೀಸಿನ ಪ್ರತಿಮೆ ಈ ಮೂರೂ ಎರವಲು ಬಂದುವು. ಅವುಗಳನ್ನು ಕೂಡಿಸಿ ನಿಲ್ಲಿಸಿದ ಜೀವ ಮಾತ್ರ ಎಟ್ರೂರಿಯದ ಉತ್ಸವದ ಬಯಲಿನಿಂದ ಬಂದುದು.

ಈ ಆಟಗಾರರ ಖ್ಯಾತಿಯು ರೋಮಿಗೂ ಮುಟ್ಟಿದ್ದಿತು. ಕ್ರಿ. ಪೂ. ೩೬೪ರಲ್ಲಿ ಸಾಂಕ್ರಾಮಿಕ ರೋಗದಿಂದ ರೋಮ್ ನಗರವು ನರಳುತ್ತಿದ್ದಾಗ, ದೇವತೆಗಳ ಕೋಪವನ್ನು ಶಮನಮಾಡಲು ಎಟ್ರೂರಿಯದಿಂದ ನರ್ತಕರನ್ನು ಕರೆಯಿಸಿದರೆಂದೂ, ಅವರು ಮಾತಿಲ್ಲದೆ ಕೊಳಲಿನ ನಾದಕ್ಕೆ ಕುಣಿದರೆಂದೂ ಇತಿಹಾಸಕಾರ ಲಿವಿ ಬರೆದಿದ್ದಾನೆ. ನಟನೆಂಬ ಅರ್ಥದ ಲ್ಯಾಟಿನ್ ಶಬ್ದವಾದ ಹಿಸ್ಟ್ರಿಯೊ ಎಂಬುದು ಎಟ್ರಸ್ಕನ್ ಶಬ್ದದಿಂದ ಹುಟ್ಟಿತೆಂದೂ ಅವನೇ ಹೇಳುತ್ತಾನೆ. ಆ ಜನರಿಗೆ ಕುಣಿತವೂ ಆಟವೂ ಬರಿಯ ವಿನೋದವಾಗಿರದೆ ದೇವರಿಗೂ ಪಿತೃಗಳಿಗೂ ಸಲ್ಲುವ ಸೇವೆಯಾಗಿದ್ದುವೆಂಬುದಕ್ಕೆ ಇದೊಂದು ಸಾಕ್ಷಿ. ಧೂಪದಂತಹ ಪವಿತ್ರ ವಸ್ತುವನ್ನು ನರ್ತಕಿಯ ತಲೆಯ ಮೇಲೆ ಏರಿಸಲು ಅವರಿಗೆ ಸಂಕೋಚವಾಗದಿದ್ದುದರ ಕಾರಣವೂ ಇದರಲ್ಲಿಯೇ ಇದೆ.

ದಂಡದ ಮೇಲೆ ನಡೆಯುವ ಚಿಕ್ಕ ಕಥೆಯೊಂದು ಇನ್ನೂ ಮನೋಹರವಾದುದು. ಅನೇಕ ಧೂಪದಾನಿಗಳಲ್ಲಿಯೂ ದೀಪಸ್ತಂಭಗಳಲ್ಲಿಯೂ ತೆಳ್ಳನೆಯ ದಂಡವನ್ನು ಹಿಡಿದು ಬೆಕ್ಕೊಂದು ಮೇಲಕ್ಕೆ ಹತ್ತುತ್ತದೆ. ಅದರ ಮುಂದೆ ಕೋಳಿಯೋ ಬೇರೊಂದು ಹಕ್ಕಿಯೋ ಓಡುತ್ತದೆ. ಮೇಲೆ ಬಟ್ಟಲಿನ ಅಂಚಿನ ಮೇಲೆ ಪಾರಿವಾಳಗಳು ಯಾವ ಭಯವೂ ಇಲ್ಲದೆ ಕುಳಿತಿವೆ. ಧೂಪವನ್ನು ಹಾಕುವ ಕೈ ಅಂಚಿನ ಬಳಿಗೆ ಬಂದಾಗಲೆಲ್ಲ ಈ ಹಕ್ಕಿಗಳ ನಡುವೆ ಸುಳಿಯಬೇಕು. ಹೊಗೆ ಏಳುವುದೂ ಅವುಗಳ ನಡುವಿನಿಂದಲೇ. ಬೆಕ್ಕು ಹಕ್ಕಿಗಳ ಈ ಬೇಟೆಯು ಚಿತ್ರದಲ್ಲಿಯೂ ಉಂಟು. ೧೮೩೦ರಲ್ಲಿ ತಾರ್ಕ್ವಿನಿಯದಲ್ಲಿ ದೊರೆತ, ಕ್ರಿ. ಪೂ. ೪೭೦ರ ಸುಮಾರಿನ ತ್ರಿಕ್ಲೀನಿಯಮ್ ಗೋರಿಯಲ್ಲಿ ಔತಣಕ್ಕೆ ಒರಗಿದವರ ಮಂಚದ ಕೆಳಗೆ ಬೆಕ್ಕೊಂದು ಹೊಂಚುತ್ತಿದೆ. ಹುಂಜವೂ ಗೌಜಲಹಕ್ಕಿಯೂ ಅದರ ಸಮೀಪದಲ್ಲಿವೆ. ಮೇಲೆ ಸಂಗೀತ, ಪಾನ, ಪರಿಮಳ. ಕೆಳಗೆ ಸದ್ದಿಲ್ಲದೆ ಕಾದಿರುವ ಮೃತ್ಯು. ಇದು ಸಾವಿನ ಸಂಕೇತವೇ ಅಥವಾ ಮನೆಯಲ್ಲಿ ದಿನವೂ ಕಾಣುವ ನೋಟವನ್ನು ಕಂಡಂತೆ ತೋರಿಸುವ ಸಂತೋಷವೇ ಎಂಬ ಪ್ರಶ್ನೆಗೆ ಎರಡು ಬಗೆಯಾಗಿಯೂ ಉತ್ತರ ಹೇಳಬಹುದು. ಗೋರಿಯನ್ನು ಮನೆಯಂತೆಯೇ ಕಟ್ಟಿ, ಅದರೊಳಗೆ ಮಂಚ ಮಣೆಗಳನ್ನು ಕಲ್ಲಿನಲ್ಲಿ ಕೆತ್ತುತ್ತಿದ್ದ ಜನರಿಗೆ ಈ ಎರಡು ಉತ್ತರಗಳ ನಡುವೆ ಹೆಚ್ಚಿನ ಅಂತರವು ಕಾಣದೆ ಹೋಗಿರಬಹುದು.

ಪಾರಿವಾಳಗಳಿಗೆ ಮತ್ತೊಂದು ಅರ್ಥವೂ ಉಂಟು. ಎಟ್ರಸ್ಕನರ ಪ್ರೇಮದೇವತೆಯಾದ ತುರಾನ್ ಎಂಬವಳು ಗ್ರೀಕರ ಅಫ್ರೊಡೈಟಿಗೆ ಸಮಾನಳು; ಪಾರಿವಾಳವು ಅವಳ ಹಕ್ಕಿ. ಗ್ರೀಕರಲ್ಲಿಯೂ ಧೂಪವು ಈ ದೇವಿಗೆ ವಿಶೇಷವಾಗಿ ಪ್ರಿಯವೆಂಬ ನಂಬಿಕೆಯಿದ್ದಿತು. ಆದುದರಿಂದ ಬಟ್ಟಲಿನ ಅಂಚಿನ ಹಕ್ಕಿಗಳು ಅವಳ ಸನ್ನಿಧಿಯನ್ನು ಸೂಚಿಸುವುವೆಂದು ಭಾವಿಸುವುದು ಅಸಂಗತವಲ್ಲ. ಧೂಪದಾನಿಯು ಗುಡಿಯ ವಸ್ತುವಾಗಿದ್ದಂತೆಯೇ ಮನೆಯ ವಸ್ತುವೂ, ಅದರಲ್ಲಿಯೂ ಗೃಹಿಣಿಯ ವಸ್ತುವೂ ಆಗಿದ್ದಿತೆಂಬುದಕ್ಕೆ ಇದು ಹೊಂದಿಕೊಳ್ಳುತ್ತದೆ.

ಎಟ್ರೂರಿಯದ ಗೃಹಿಣಿಯ ಸ್ಥಾನವು ಆ ಕಾಲದ ಇತರ ನಾಡುಗಳಿಗಿಂತ ಭಿನ್ನವಾಗಿದ್ದಿತು. ಗ್ರೀಸಿನಲ್ಲಿ ಕುಲಸ್ತ್ರೀಯರು ಗಂಡಸರ ಪಾನಗೋಷ್ಠಿಗೆ ಬರುವಂತಿರಲಿಲ್ಲ. ಎಟ್ರೂರಿಯದಲ್ಲಿಯಾದರೊ ಹೆಂಡತಿಯು ಗಂಡನೊಡನೆ ಒಂದೇ ಮಂಚದ ಮೇಲೆ ಒರಗಿ ಔತಣದಲ್ಲಿ ಭಾಗಿಯಾಗುತ್ತಿದ್ದಳು. ಇದನ್ನು ಸಹಿಸಲಾರದ ಗ್ರೀಕ್ ಲೇಖಕ ಥಿಯೊಪಾಂಪಸನು ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಆ ಸ್ತ್ರೀಯರ ಶೀಲವನ್ನು ಕುರಿತು ಹೀನವಾದ ಮಾತುಗಳನ್ನು ಬರೆದನು. ಅವನ ಮಾತಿಗೆ ಎಟ್ರಸ್ಕನರ ಪುಸ್ತಕವೊಂದು ಉತ್ತರ ಕೊಡುವಂತಿಲ್ಲ, ಪುಸ್ತಕಗಳು ಹೋದುವು. ಆದರೆ ಉತ್ತರ ಕೊಡುವ ಮಣ್ಣಿನ ಪ್ರತಿಮೆಯೊಂದುಂಟು. ೧೮೮೧ರಲ್ಲಿ ಚೆರ್ವೆತೆರಿಯಲ್ಲಿ ಸುಮಾರು ೪೦೦ ಚೂರುಗಳಾಗಿ ದೊರೆತು, ಜೋಡಿಸಲ್ಪಟ್ಟು, ಈಗ ರೋಮಿನ ವಿಲ್ಲಾ ಜೂಲಿಯ ವಸ್ತುಸಂಗ್ರಹಾಲಯದಲ್ಲಿರುವ ದಂಪತಿಗಳ ಶವಪೇಟಿಕೆಯೇ ಅದು. ಕ್ರಿ. ಪೂ. ೫೨೦ರ ಸುಮಾರಿನ ಆ ಪೇಟಿಕೆಯ ಮುಚ್ಚಳದ ಮೇಲೆ ಗಂಡಹೆಂಡಿರು ಒರಗಿದ್ದಾರೆ. ಗಂಡನ ಕೈ ಹೆಂಡತಿಯ ಹೆಗಲ ಮೇಲಿದೆ. ಅವಳ ಬೆರಳುಗಳು ಯಾವುದೋ ಚಿಕ್ಕ ವಸ್ತುವನ್ನು ಹಿಡಿದಂತಿವೆ. ಆ ವಸ್ತುವು ಕಳೆದುಹೋಗಿದೆ. ಅದು ಸುಗಂಧದ ಕುಪ್ಪಿಯಾಗಿದ್ದು, ಅವಳು ಗಂಡನ ಅಂಗೈಗೆ ಪರಿಮಳತೈಲವನ್ನು ಎರೆಯುತ್ತಿದ್ದಿರಬೇಕೆಂದು ಅನೇಕ ವಿದ್ವಾಂಸರ ಮತ. ಇಬ್ಬರ ಮುಖದಲ್ಲಿಯೂ ಒಂದೇ ಮುಗುಳುನಗೆ. ಪರಿಮಳವನ್ನು ಹಂಚಿಕೊಳ್ಳುವುದು ಆ ನಾಡಿನಲ್ಲಿ ದಾಂಪತ್ಯದ ಗೌರವದ ಕುರುಹಾಗಿದ್ದಿತೆಂಬುದನ್ನು ಈ ಪ್ರತಿಮೆಯನ್ನು ಕಂಡ ಮೇಲೆ ಸಂಶಯಿಸುವುದು ಕಷ್ಟ. ಔತಣದ ಮನೆಯಲ್ಲಿ ಮಂಚದ ಪಕ್ಕಕ್ಕೆ ನಿಲ್ಲಿಸುತ್ತಿದ್ದ ಧೂಪದಾನಿಯನ್ನು ಗೋರಿಯಲ್ಲಿಯೂ ಸತ್ತವರ ಪಕ್ಕಕ್ಕೆ ಇಡುತ್ತಿದ್ದುದಕ್ಕೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗಿಲ್ಲ.

ಈ ಔತಣದ ಮನೆಗಳ ಕಾಲವು ಮುಗಿಯುತ್ತ ಬಂದಿತು. ಕ್ರಿ. ಪೂ. ೩೯೬ರಲ್ಲಿ ರೋಮನರು ವೇಯಿ ಪಟ್ಟಣವನ್ನು ಗೆದ್ದರು. ೨೬೪ರಲ್ಲಿ ವೊಲ್ಸೀನಿಯಿ ಬಿದ್ದಿತು. ಆ ಪಟ್ಟಣದಲ್ಲಿದ್ದ ೨,೦೦೦ ಪ್ರತಿಮೆಗಳ ಆಶೆಯಿಂದಲೇ ರೋಮನರು ಅದನ್ನು ಮುತ್ತಿದರೆಂದು ಮೆತ್ರೊದೋರಸನೆಂಬ ಗ್ರೀಕ್ ಲೇಖಕನು ಆಕ್ಷೇಪಿಸಿದ್ದನ್ನು ಪ್ಲಿನಿ ಉಲ್ಲೇಖಿಸುತ್ತಾನೆ. ಆ ಪ್ರತಿಮೆಗಳಾವುವೂ ಇಂದು ಇಂಥವೆಂದು ಗುರುತಿಸುವಂತೆ ಉಳಿದಿಲ್ಲ. ಕಂಚಿನ ವಿಷಯದಲ್ಲಿ ಇದು ಆಶ್ಚರ್ಯವಲ್ಲ. ಕಲ್ಲು ಮುರಿದರೂ ಕಲ್ಲಾಗಿಯೇ ಉಳಿಯುತ್ತದೆ; ಕಂಚಾದರೊ ಕರಗಿದರೆ ನಾಣ್ಯವಾಗುತ್ತದೆ, ಆಯುಧವಾಗುತ್ತದೆ. ನೆಲದ ಮೇಲೆ ಜನರ ಕಣ್ಣಿಗೆ ಬೀಳುತ್ತಿದ್ದ ಎಟ್ರಸ್ಕನ್ ಕಂಚೆಲ್ಲ ಬಹುಮಟ್ಟಿಗೆ ಹೀಗೆ ಹೋಯಿತು. ಉಳಿದುದು ನೆಲದ ಕೆಳಗೆ ಸತ್ತವರ ವಶದಲ್ಲಿದ್ದುದು. ಎಟ್ರೂರಿಯದ ಮನೆಗಳ ಅಂದಚೆಂದವನ್ನು ಎರಡು ಸಾವಿರ ವರ್ಷಗಳ ಕಾಲ ಕಾಪಾಡಿ ಕೊಟ್ಟವರು ಅದರ ಸ್ಮಶಾನವಾಸಿಗಳೇ.

ಆ ಕಾವಲು ಹತ್ತೊಂಬತ್ತನೆಯ ಶತಮಾನದಲ್ಲಿ ಮುರಿಯಿತು. ೧೮೨೮ರಲ್ಲಿ ವುಲ್ಚಿಯ ಹೊಲವೊಂದರಲ್ಲಿ ಉಳುತ್ತಿದ್ದ ಎತ್ತಿನ ಕಾಲಡಿಯ ನೆಲ ಕುಸಿದು ಗೋರಿಯೊಂದು ತೆರೆದುಕೊಂಡಿತು. ಆ ಭೂಮಿಯು ನೆಪೋಲಿಯನ್ನನ ತಮ್ಮನಾದ ಲೂಸಿಯೆನ್ ಬೊನಪಾರ್ಟೆಯ ಒಡೆತನದ್ದಾಗಿದ್ದಿತು. ಅಲ್ಲಿಂದ ಮೊದಲಾದ ಅಗೆತವು ಯೂರೋಪಿನ ವಸ್ತುಸಂಗ್ರಹಾಲಯಗಳನ್ನೆಲ್ಲ ತುಂಬಿತು. ಆದರೆ ಅಗೆದವರಿಗೆ ಬೇಕಾದುದು ಮಾರಾಟವಾಗುವ ಸರಕು. ಎಟ್ರೂರಿಯದ ಊರೂರು ತಿರುಗಿ ೧೮೪೮ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಆಂಗ್ಲ ವಿದ್ವಾಂಸ ಜಾರ್ಜ್ ಡೆನ್ನಿಸನು ವುಲ್ಚಿಯಲ್ಲಿ ತಾನು ಕಂಡುದನ್ನು ದುಃಖದಿಂದ ಬಣ್ಣಿಸಿದ್ದಾನೆ. ಬೆಲೆಬಾಳುವ ಚಿತ್ರಿತ ಪಾತ್ರೆಗಳನ್ನು ತೆಗೆದಿಟ್ಟುಕೊಂಡು, ಒರಟಾದ ಕರಿಯ ಮಡಕೆಗಳನ್ನು ಕೂಲಿಯವರು ಅಲ್ಲಿಯೇ ಕಾಲಿನಿಂದ ತುಳಿದು ಒಡೆಯುತ್ತಿದ್ದರಂತೆ. ಒಂದು ಮಡಕೆಯನ್ನಾದರೂ ಉಳಿಸಿಕೊಡಬೇಕೆಂದು ಅವನು ಬೇಡಿದುದು ವ್ಯರ್ಥವಾಯಿತು.

ಕಂಚಿನ ಧೂಪದಾನಿಗೆ ಬೆಲೆಯಿದ್ದುದರಿಂದ ಅದು ತುಳಿತಕ್ಕೆ ಸಿಗಲಿಲ್ಲ. ಆದರೆ ಅದರ ಕಥೆಯು ತುಳಿತಕ್ಕೆ ಸಿಕ್ಕಿತು. ಯಾವ ಗೋರಿಯಲ್ಲಿ, ಗಂಡಸಿನ ಪಕ್ಕದಲ್ಲಿಯೋ ಹೆಂಗಸಿನ ಪಕ್ಕದಲ್ಲಿಯೋ, ಮಂಚದ ತಲೆಯ ಕಡೆಯೋ ಕಾಲಿನ ಕಡೆಯೋ, ಯಾವ ಯಾವ ಪಾತ್ರೆಗಳ ಜತೆಯಲ್ಲಿ ಅದಿದ್ದಿತೆಂಬುದನ್ನು ಯಾರೂ ಬರೆದಿಡಲಿಲ್ಲ. ಮೇಲೆ ಹೇಳಿದಂತೆ ಅಂಗಗಳು ಕೂಡಿಕೆಯವಾದುದರಿಂದ ಗೋರಿಯಲ್ಲಿ ಅವು ಬಿಡಿಬಿಡಿಯಾಗಿ ಬಿದ್ದಿರುತ್ತಿದ್ದುವು. ವ್ಯಾಪಾರಿಗಳು ಒಂದು ಗೋರಿಯ ಪೀಠಕ್ಕೆ ಮತ್ತೊಂದರ ಆಕೃತಿಯನ್ನು ಬೆಸೆದು ಪೂರ್ಣವಸ್ತುವೆಂದು ಮಾರಿದುದೂ ಉಂಟು. ಗಾಜಿನ ಪೆಟ್ಟಿಗೆಯೊಳಗೆ ನಿಂತ ಎಷ್ಟೋ ಧೂಪದಾನಿಗಳ ಕೆಳಗೆ ಎಟ್ರೂರಿಯದ್ದೆಂದೂ ಇಂಥ ಶತಮಾನದ್ದೆಂದೂ ಬರೆದಿರುವುದೇ ಹೊರತು ಊರಿನ ಹೆಸರಿಲ್ಲ. ಪುಸ್ತಕವಿಲ್ಲದ ಜನರಿಗೆ ವಸ್ತುಗಳೇ ಅಕ್ಷರಗಳು. ಅಕ್ಷರಗಳು ಉಳಿದು ಅವುಗಳ ಸಾಲು ಕದಡಿಹೋದರೆ ಓದುವುದೇನು? ಕ್ಯೂಸಿ, ತಾರ್ಕ್ವಿನಿಯಗಳ ದೊಂಬರ ಹುಡುಗಿಯರು ಗೋಡೆಯನ್ನು ಬಿಟ್ಟು ಬಾರದವರಾದುದರಿಂದಲೇ ಇಂದು ಕಂಚಿನ ಆಕೃತಿಗಳಿಗೆ ಸಾಕ್ಷಿ ಹೇಳಲು ಶಕ್ತರಾಗಿದ್ದಾರೆ.

ಈ ಹಾನಿಯು ಹಳೆಯ ಕಾಲದ್ದೆಂದು ತಿಳಿಯುವ ಹಾಗಿಲ್ಲ. ಗೋರಿಗಳನ್ನು ರಾತ್ರಿಯಲ್ಲಿ ಅಗೆದು ದೋಚುವ ವೃತ್ತಿಯು ಇಪ್ಪತ್ತನೆಯ ಶತಮಾನದಲ್ಲಿಯೂ ನಿಲ್ಲಲಿಲ್ಲ. ಸಾಂಸ್ಕೃತಿಕ ವಸ್ತುಗಳ ಕಳ್ಳಸಾಗಣೆಯನ್ನು ತಡೆಯುವ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಯುನೆಸ್ಕೊ ಸಂಸ್ಥೆಯು ೧೯೭೦ರಲ್ಲಿ ಅಂಗೀಕರಿಸಿತು. ೨೦೦೪ರಲ್ಲಿ ಚೆರ್ವೆತೆರಿ, ತಾರ್ಕ್ವಿನಿಯಗಳ ರುದ್ರಭೂಮಿಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ೨೦೦೫ರಲ್ಲಿ ಅಮೆರಿಕದ ಗೆಟ್ಟಿ ವಸ್ತುಸಂಗ್ರಹಾಲಯವು ಎಟ್ರಸ್ಕನರ ಕಂಚಿನ ದೀಪಸ್ತಂಭವೊಂದನ್ನು ಇಟಲಿಗೆ ಹಿಂದಿರುಗಿಸಿತು. ವಸ್ತುವು ನಾಡಿಗೆ ಮರಳಬಹುದು. ಅದು ಬಿದ್ದಿದ್ದ ಜಾಗದ ಅರಿವು ಒಮ್ಮೆ ಹೋದರೆ ಮರಳುವುದು ಬಹಳ ಅಪರೂಪ.

ಎಚ್ಚರಿಕೆಯಿಂದ ಅಗೆದರೆ ಏನು ದೊರೆಯಬಹುದೆಂಬುದಕ್ಕೆ ಇತ್ತೀಚಿನ ನಿದರ್ಶನವೊಂದುಂಟು. ಟಸ್ಕನಿಯ ಸಾನ್ ಕಾಶಿಯಾನೊ ದೇಯಿ ಬಾನ್ಯಿ ಎಂಬ ಊರಿನ ಬಿಸಿನೀರಿನ ಬುಗ್ಗೆಯ ಕೆಸರಿನಿಂದ ೨೦ಕ್ಕೂ ಹೆಚ್ಚು ಕಂಚಿನ ಪ್ರತಿಮೆಗಳೂ ಸಾವಿರಾರು ನಾಣ್ಯಗಳೂ ಹೊರಬಂದ ಸುದ್ದಿಯು ೨೦೨೨ರಲ್ಲಿ ಪ್ರಕಟವಾಯಿತು. ಕೆಲವು ಪ್ರತಿಮೆಗಳ ಮೇಲೆ ಎಟ್ರಸ್ಕನ್ ಭಾಷೆಯಲ್ಲಿಯೂ ಲ್ಯಾಟಿನಿನಲ್ಲಿಯೂ ಹರಕೆಯ ಬರಹಗಳಿವೆ. ರೋಮನರು ಎಟ್ರೂರಿಯವನ್ನು ಗೆದ್ದು ಬಹುಕಾಲವಾದ ಮೇಲೆಯೂ ಎರಡು ಜನಾಂಗಗಳು ಒಂದೇ ಬುಗ್ಗೆಯ ದೇವತೆಗೆ ಕೈಮುಗಿಯುತ್ತಿದ್ದುವೆಂಬ ಸಂಗತಿಯು ಇದರಿಂದ ತಿಳಿಯಿತು. ಯಾವ ಪ್ರತಿಮೆಯು ಯಾವ ಪದರದಲ್ಲಿ ಯಾವುದರ ಪಕ್ಕದಲ್ಲಿದ್ದಿತೆಂಬುದನ್ನು ಗುರುತಿಸಿಕೊಂಡುದರಿಂದಲೇ ಈ ಮಾತು ಸಾಧ್ಯವಾಯಿತು.

ಎಟ್ರೂರಿಯದ ಕೆಂಡವು ಆರಿ ಎರಡು ಸಾವಿರ ವರ್ಷಗಳಾಗಿವೆ. ಅರೇಬಿಯದಿಂದ ಬಂದ ಅಂಟು ಹೊಗೆಯಾಗಿ ಹೋಯಿತು. ಅದನ್ನು ಹಾಕಿದ ಕೈಗಳು ಮಣ್ಣಾದುವು. ಆ ಹೊತ್ತಿನಲ್ಲಿ ಹೇಳುತ್ತಿದ್ದ ಮಂತ್ರಗಳ ಅರ್ಥವೂ ಬಹುಮಟ್ಟಿಗೆ ಮರೆಯಾಯಿತು. ಉಳಿದಿರುವುದು ತಲೆಯ ಮೇಲೆ ದಂಡವನ್ನು ಹೊತ್ತ ಒಬ್ಬ ಹುಡುಗಿ, ಹತ್ತುತ್ತಿರುವ ಬೆಕ್ಕು, ಅಂಚಿನ ಮೇಲೆ ಕುಳಿತ ಪಾರಿವಾಳ. ತಮ್ಮ ಕಥೆಯನ್ನು ತಾವೇ ಹೇಳಲಾರದೆ ಹೋದ ಜನರು, ಎರವಲು ತಂದ ಪಾತ್ರೆಯ ಮೇಲೆ, ತಮ್ಮ ಉತ್ಸವದ ಆಟಗಾರರನ್ನೂ ತಮ್ಮ ಮನೆಯ ಬೆಕ್ಕನ್ನೂ ನಿಲ್ಲಿಸಿಹೋದರು. ಅವುಗಳನ್ನು ಅವು ನಿಂತ ಎಡೆಯಲ್ಲಿಯೇ ಕಂಡು ಗುರುತುಮಾಡಿಕೊಳ್ಳುವುದು ಅವರ ಪುಸ್ತಕದ ಉಳಿದ ಪುಟಗಳನ್ನು ಹರಿಯದೆ ಕಾಪಾಡಿದಂತೆ.